ಎಸೆನ್‌ಕುಲ್ ಎಂಬ ನಿಲುವಂಗಿ

ಅಟ್-ಬಾಶಿ, ಆಗಸ್ಟ್ 28, 2018

‘ಹೊಸ್ತಿಲು’ ಪತ್ರಿಕೆಯ ಸಂಪಾದಕಿ ಬುರುಲ್ ಅವರ ಸನ್ನಿಧಿಗೆ, ಅದೇ ಪತ್ರಿಕೆಯ ಕೊನೆಯ ಪುಟದ ಬಾಡಿಗೆದಾರ ಎಸೆನ್‌ಕುಲ್ ಮಾಡುವ ಸಲಾಮುಗಳು.

ಮಗಳೇ, ಈ ಸಲದ ಅಂಕಣ ಇದರೊಂದಿಗಿದೆ. ವಿಷಯ, ನನಗೂ ನನ್ನ ಒಲೆಗೂ ನಡೆಯುತ್ತಿರುವ ವ್ಯಾಜ್ಯ. ಎರಡೂ ಕಡೆಯ ವಕೀಲ ನಾನೇ ಆದರೂ ಒಲೆ ಗೆದ್ದಿದೆ.

ಬೇಸಗೆ ಸಂಚಿಕೆ ತಲುಪಿತು. ನಡುಪುಟದಲ್ಲಿ ನಿಮ್ಮ ಹೊಸ ಅಂಗಡಿಯ ಚಿತ್ರ ನೋಡಿದೆ. ಕೆಲವು ವರ್ಷದ ಹಿಂದೆ ನೀನೂ ಮೇರಿಮಳೂ ನಮ್ಮೂರಿಗೆ ಬಂದು, ಹಿರಿಯಣ್ಣನನ್ನು ಕರೆಯುವ ಹಾಗೆ ಕರೆದು, ‘ಬಾಯ್ಕೆ, ಮನೆ ಅಂದರೇನು, ಊಟ ಅಂದರೇನು, ಸುಮ್ಮನೆ ಕೂರುವುದು ಅಂದರೇನು ಅಂತ ಬರೆಯೋ ಪತ್ರಿಕೆ ಮಾಡ್ತೀವಿ’ ಅಂದಿರಿ. ಸುಮ್ಮನೆ ಕೂರುವುದರಲ್ಲಿ ನನಗಿರುವ ಪಾಂಡಿತ್ಯ ಕಂಡು ಕೊನೆಯ ಪುಟ ಕೊಟ್ಟಿರಿ. ಆಮೇಲೆ ಚಹಾ ಬಟ್ಟಲಿನ ಬಗ್ಗೆ ಬರೆದಿರಿ. ಓದಿದವರು ಆ ಬಟ್ಟಲು ಎಲ್ಲಿ ಸಿಗುತ್ತೆ ಅಂದರು. ಮಾರಿದಿರಿ. ಉಣ್ಣೆಯ ಮನೆಚಪ್ಪಲಿಯ ಬಗ್ಗೆ ಬರೆದಿರಿ. ಮಾರಿದಿರಿ. ಸಾಬೂನಿನ ಬಗ್ಗೆ ಬರೆಯುವ ಹೊತ್ತಿಗೆ ಸಾಬೂನು ಮೊದಲೇ ತಯಾರಾಗಿತ್ತು. ನನ್ನ ಬಗ್ಗೆ ಬರೆಯುವಾಗ ಸ್ವಲ್ಪ ಎಚ್ಚರ ಇರಲಿ ತಾಯಿ.

ಎಂದಿನಂತೆ ಕೊನೆಯ ಬೇಡಿಕೆ: ನನ್ನನ್ನು ಬಿಡುಗಡೆ ಮಾಡು. ಎಪ್ಪತ್ತರ ಹತ್ತಿರ ಬಂದ ಮುದುಕನಿಂದ ಇನ್ನೆಷ್ಟು ನಗು ಹಿಂಡುತ್ತೀಯ? ಹಸುವಾದರೂ ಒಂದು ಕಾಲಕ್ಕೆ ಬತ್ತುತ್ತದೆ. ಮೇಲಾಗಿ ಬಂದುಹೋಗುವವರ ಕಾಟದಲ್ಲಿ ಕೂತು ಬರೆಯಲಿಕ್ಕೂ ಆಗುತ್ತಿಲ್ಲ. ಈಗಲೂ ನೋಡು, ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರೆ.

ಎದ್ದು ನೋಡಿ ಬಂದೆ. ಪಕ್ಕದ ಮನೆಯ ಕರು.

ಇತಿ ಎಸೆನ್‌ಕುಲ್


ಬಿಶ್ಕೆಕ್, ಸೆಪ್ಟೆಂಬರ್ 13

ಪ್ರೀತಿಯ ಎಸೆನ್‌ಕುಲ್ ಬಾಯ್ಕೆ,

ಒಲೆಯ ಅಂಕಣ ಓದಿ ಅಂಗಡಿಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಆಗ ತಾನೇ ಟೋಪಿ ಹಾಕಿ ನೋಡುತ್ತಿದ್ದ ಗಿರಾಕಿಯೊಬ್ಬಳು ತನ್ನನ್ನು ನೋಡಿಯೇ ನಾನು ನಕ್ಕಿದ್ದು ಅಂದುಕೊಂಡು ಹೊರಟೇಹೋದಳು. ನಿಮ್ಮಿಂದ ಆದ ನಷ್ಟ.

ಈಗ ಆಫೀಸು ಅಂಗಡಿಯ ಹಿಂದಿನ ಕೋಣೆಗೆ ಬಂದಿದೆ. ನನ್ನ ಮೇಜಿದ್ದ ಜಾಗದಲ್ಲಿ ಬಟ್ಟೆ ತೊಟ್ಟು ನೋಡಲು ಪರದೆ ಕಟ್ಟಿದ್ದಾರೆ. ಆಲ್ಮಾಟಿಯ ಸಾಕೆನ್ ಅಂತ ಒಬ್ಬರು ಬಂಡವಾಳ ಹಾಕಿದ್ದಾರೆ. ಒಳ್ಳೆಯವರೇ. ‘ಪತ್ರಿಕೆ ಅನ್ನೋದು ಅಂಗಡಿಗೆ ಕಿಟಕಿ ಇದ್ದ ಹಾಗೆ. ಕಿಟಕಿ ದೊಡ್ಡದಾದಷ್ಟೂ ಚಳಿ ಜಾಸ್ತಿ’ ಅಂತಾರೆ. ಹಾಗಾಗಿ ಮುಂದಿನ ಸಂಚಿಕೆಯಲ್ಲಿ ನಿಮಗೆ ಅರ್ಧ ಪುಟ ಮಾತ್ರ ಕೊಡಲಾಗುತ್ತೆ. ಬೇಜಾರು ಮಾಡಿಕೊಳ್ಳಬೇಡಿ.

ಹಳೆಯ ಸಂಚಿಕೆಯೊಂದರಲ್ಲಿ ನೀವು ಚಪಾನ್ ತೊಟ್ಟು ಬೇಲಿಗೆ ಒರಗಿ ನಿಂತ ಚಿತ್ರ ಹಾಕಿದ್ದೆವಲ್ಲ, ಆ ಹತ್ತಿ ತುಂಬಿದ ನಿಲುವಂಗಿ ಎಲ್ಲಿ ಸಿಗುತ್ತೆ ಅಂತ ಜನ ಇವತ್ತಿಗೂ ಕೇಳುತ್ತಾರೆ. ಅದೇ ಮಾದರಿಯಲ್ಲಿ ನಮ್ಮ ಮೊದಲ ಚಳಿಗಾಲದ ಉಡುಪು ಹೊಲಿಸೋಣ ಅಂತ. ಸ್ವಲ್ಪ ದಿನಕ್ಕೆ ಕಳಿಸುತ್ತೀರಾ?

ಇನ್ನೊಂದು ಮಾತು. ಪ್ರತಿ ಪತ್ರದಲ್ಲೂ ಬಿಡುಗಡೆ ಕೇಳುತ್ತೀರಿ. ನಿಜವಾಗಿಯೂ ಸುಸ್ತಾಗಿದೆಯಾ? ಸಂಕೋಚ ಬೇಡ, ಹೇಳಿ.

ಮೇರಿಮ್ ಜೂನ್‌ನಲ್ಲೇ ಇಸ್ತಾಂಬುಲ್‌ಗೆ ಹೋದಳು. ಚೆನ್ನಾಗಿದ್ದಾಳೆ.

ನಿಮ್ಮ ಬುರುಲ್


ಅಟ್-ಬಾಶಿ, ಸೆಪ್ಟೆಂಬರ್ 25

ಸಂಪಾದಕಿಯವರೇ,

ಅರ್ಧ ಪುಟ! ಇದಕ್ಕಿಂತ ಶುಭ ಸಮಾಚಾರ ಉಂಟೇ? ಇಡೀ ಪುಟ ನಗಿಸುವುದು ಕೂಲಿ. ಅರ್ಧ ಪುಟದಲ್ಲಿ ನಗಿಸುವುದು ಕಲೆ. ಕಾಲು ಪುಟಕ್ಕೆ ಇಳಿಸಿದರೆ ಮೌನವ್ರತದ ಫಲವೂ ಸಿಕ್ಕೀತು. ಸಾಕೆನ್ ಅವರಿಗೆ ನನ್ನ ಸಲಾಮು ತಿಳಿಸು. ಕಿಟಕಿಯ ಮಾತು ನೂರಕ್ಕೆ ನೂರು ನಿಜ. ನನ್ನ ಮನೆಗೆ ಒಂದೇ ಕಿಟಕಿ, ಅದರಲ್ಲೂ ಬರೀ ಬೆಟ್ಟ ಕಾಣುತ್ತೆ.

ಚಪಾನನ್ನು ಬಿಶ್ಕೆಕ್‌ಗೆ ವ್ಯಾನು ಓಡಿಸುವ ತುರಾತ್ ಕೈಲಿ ಕಳಿಸಿದ್ದೇನೆ. ಎಡ ಮೊಣಕೈ ಹತ್ತಿರ ಕಿಡಿ ಹಾರಿ ಸುಟ್ಟಿದೆ, ಒಳಜೇಬಿನಲ್ಲಿ ಸೂರ್ಯಕಾಂತಿ ಬೀಜ ಇವೆ. ಎರಡೂ ವಿನ್ಯಾಸವಲ್ಲ, ದಯವಿಟ್ಟು ನಕಲು ಮಾಡಬೇಡಿ.

ಸುಸ್ತೇ ಅಂತ ಕೇಳಿದ್ದೀಯ. ಇದೇನು ಕೇಳುವ ಮಾತಾ? ಈ ಅಂಕಣ ನನ್ನ ಕುತ್ತಿಗೆಗೆ ಕಟ್ಟಿದ ಗುಂಡುಕಲ್ಲು ಕಣಮ್ಮ. ನೀನಾಗಿ ಬಿಚ್ಚಿದರೆ ಏಳು ತಲೆಮಾರಿಗೂ ಪುಣ್ಯ.

ಓದುಗರ ಪತ್ರ ಏನಾದರೂ ಬಂದಿದ್ದರೆ ಕಳಿಸಿಬಿಡು. ಬೇಸಗೆಯಿಂದ ಒಂದೂ ಬಂದಿಲ್ಲ. ಆತುರವೇನಿಲ್ಲ, ಒಲೆ ಹೊತ್ತಿಸಲು ಕಾಗದ ಬೇಕಿತ್ತು.

ಮೇರಿಮಳನ್ನು ಇಸ್ತಾಂಬುಲ್‌ನಲ್ಲೂ ಅಂಗಡಿ ತೆರೆಯಲು ಕಳಿಸಿದಿರಾ? ಭಲೇ ಹುಡುಗಿಯರಾ!

ಎಸೆನ್‌ಕುಲ್


ಬಿಶ್ಕೆಕ್, ಅಕ್ಟೋಬರ್ 9 (ಬರೆದು, ಕಳುಹಿಸದೆ ಇಟ್ಟದ್ದು)

ಬಾಯ್ಕೆ,

ಹೇಗೆ ಹೇಳಲಿ ಅಂತ ತೋಚುತ್ತಿಲ್ಲ. ಚಳಿಗಾಲದ ಸಂಚಿಕೆ ನಿನ್ನೆ ಅಚ್ಚಿಗೆ ಹೋಯಿತು. ಕೊನೆಯ ಪುಟದಲ್ಲಿ ನೀವಿಲ್ಲ. ಅರ್ಧವೂ ಇಲ್ಲ. ಅಲ್ಲಿ ನಿಲುವಂಗಿಯ ಅಳತೆಗಳಿವೆ. ಸಾಕೆನ್ ನಿಮ್ಮ ಅಂಕಣದ ಮೇಲೆ ಬೆರಳಿಟ್ಟು, ‘ಈ ತಾತ ಇಲ್ಲಿ ಏನು ಮಾರ್ತಾ ಇದ್ದಾರೆ?’ ಅಂತ ಕೇಳಿದರು. ಕೇಳಿದವರೇ ಹಾಳೆ ತಿರುವಿಬಿಟ್ಟರು.

ನೀವೇ ತಾನೇ ಬೇಡಿಕೊಂಡಿದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಗುಂಡುಕಲ್ಲಿನ ಸಾಲನ್ನು ಮತ್ತೊಮ್ಮೆ ಓದಿದೆ. ಅದು ನಿಜ ತಾನೇ ಬಾಯ್ಕೆ? ತಮಾಷೆ ಯಾವುದು, ನಿಜ ಯಾವುದು ಅಂತ ನಿಮ್ಮ ಪತ್ರದಲ್ಲಿ ಮೇರಿಮಳಿಗೆ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗುವುದಿಲ್ಲ. ಅವಳು ಅಂಗಡಿ ತೆರೆಯಲು ಹೋಗಿಲ್ಲ. ‘ಪತ್ರಿಕೆ ಮಾಡೋಕೆ ಬಂದವಳು ನಾನು, ಗುಂಡಿ ಎಣಿಸೋಕಲ್ಲ’ ಅಂತ ಜಗಳವಾಡಿ ಹೋದಳು. ಆಮೇಲೆ ಫೋನು ಕೂಡ


ಬಿಶ್ಕೆಕ್, ಅಕ್ಟೋಬರ್ 10

ಪ್ರೀತಿಯ ಎಸೆನ್‌ಕುಲ್ ಬಾಯ್ಕೆ,

ಚಪಾನ್ ತಲುಪಿತು. ಬೀಜಗಳನ್ನು ದರ್ಜಿಗಳು ತಿಂದು ಮುಗಿಸಿದರು. ಒಳ್ಳೆಯ ಸುದ್ದಿ: ನಿಲುವಂಗಿಗೆ ‘ಎಸೆನ್‌ಕುಲ್’ ಅಂತ ನಿಮ್ಮ ಹೆಸರನ್ನೇ ಇಟ್ಟಿದ್ದೇವೆ! ಮುಟ್ಟಿ ನೋಡಲಿ ಅಂತ ಒಳಬಟ್ಟೆಯ ಒಂದೊಂದು ತುಂಡನ್ನು ಚಂದಾದಾರರಿಗೆಲ್ಲ ಸಂಚಿಕೆಯೊಳಗೆ ಇಟ್ಟು ಕಳಿಸುತ್ತಿದ್ದೇವೆ. ಬಿಳಿ ಹತ್ತಿಬಟ್ಟೆ, ಕತ್ತರಿ ತಾಗಿಸದೆ ಕೈಯಲ್ಲೇ ಹರಿದದ್ದು. ಅಂಚಿನ ಎಳೆ ಹಾಗೇ ಬಿಡುವುದು ಈಗಿನ ಚೆಂದ. ಮೇಲೆ ಕಪ್ಪು ಅಕ್ಷರದಲ್ಲಿ ನಿಮ್ಮ ಹೆಸರು, ಅಷ್ಟೇ. ಬೇರೆ ಏನೂ ಬೇಡ ಅಂತ ಸಾಕೆನ್.

ನಿಲುವಂಗಿಗೆ ತೂಗುಹಾಕುವ ಚೀಟಿಗೆ ನಿಮ್ಮ ಮಾತು ನಾಲ್ಕು ಸಾಲು ಬೇಕು.

ನಿಮ್ಮ ಪ್ರತಿ ಕೈಸೇರುವುದು ತಡವಾಗಬಹುದು. ಅಂಚೆಯ ವಿಷಯ ನಿಮಗೆ ಗೊತ್ತಲ್ಲ.

ಬುರುಲ್


ಅಟ್-ಬಾಶಿ, ಅಕ್ಟೋಬರ್ 23

ಮಗಳೇ,

ಪುಟ ಹೋಗಿ ಅರ್ಧ ಪುಟವಾಯಿತು, ಅದು ಹೋಗಿ ಚೀಟಿ ಬಂತು. ಮುಂದಿನ ವರ್ಷ ನನ್ನ ಅಂಕಣ ಗುಂಡಿಯ ಮೇಲೆ ಬರಲಿದೆ ಎಂದು ಓದುಗರಿಗೆ ಈಗಲೇ ತಿಳಿಸಿಬಿಡು.

ಚೀಟಿಗೆ ಇದೋ:

‘ಇದರೊಳಗೆ ಇಬ್ಬರಿಗೆ ಜಾಗವಿದೆ.
ಒಬ್ಬರೇ ಇದ್ದರೆ ಇನ್ನೊಂದು ಸುತ್ತು ಸುತ್ತಿಕೊಳ್ಳಿ.’

ಉಳಿದ ಎರಡು ಸಾಲು ಸಾಕೆನ್ ಅವರಿಗೆ ನನ್ನ ಕಾಣಿಕೆ.

ಸಂಚಿಕೆ ಇನ್ನೂ ಬಂದಿಲ್ಲ. ಅಂಚೆಮನೆಯ ಕಲಿಪಾಳನ್ನು ದಿನಾ ಕೇಳುತ್ತೇನೆ. ‘ನಿಮ್ಮದೊಂದೇ ಅಲ್ಲ ಬಾಯ್ಕೆ, ಯಾರದ್ದೂ ಬಂದಿಲ್ಲ, ಮನೇಲಿ ಬೆಚ್ಚಗಿರಬಾರದಾ’ ಅನ್ನುತ್ತಾಳೆ. ಅವಳಿಗೇನು ಗೊತ್ತು, ನನಗೆ ಕಾಲಾಡಿಸುವ ಅಭ್ಯಾಸ. ಒಲೆಯ ವ್ಯಾಜ್ಯ ಅರ್ಧ ಪುಟದಲ್ಲಿ ಹೇಗೆ ಕೂತಿದೆಯೋ ಅನ್ನುವ ಸಣ್ಣ ಕುತೂಹಲ, ಅಷ್ಟೇ.

ಎಸೆನ್‌ಕುಲ್


ಅಟ್-ಬಾಶಿ, ನವೆಂಬರ್ 8

ಸಂಪಾದಕಿಯವರಿಗೆ,

ತಾನು ಸತ್ತ ಸುದ್ದಿಯನ್ನು ಮೊದಲು ಸಂಪಾದಕರಿಗೆ ತಿಳಿಸುವುದು ಲೇಖಕನ ಧರ್ಮ. ತಡವಾದದ್ದಕ್ಕೆ ಕ್ಷಮೆ ಇರಲಿ. ಮನೆ ತುಂಬ ಜನ ಇದ್ದರು.

ಸೋಮವಾರ ಬೆಳಿಗ್ಗೆ ಕಲ್ಲಿದ್ದಲ ಬಕೆಟ್ ಹಿಡಿದು ಅಂಗಳದಲ್ಲಿದ್ದೆ. ಗೇಟಿನಾಚೆ ವ್ಯಾನೊಂದು ನಿಂತಿತು. ಅದರಿಂದಿಳಿದ ಗಂಡಸರು ಸೊಂಟಕ್ಕೆ ಕೈಕೊಟ್ಟು, ‘ಅಯ್ಯೋ ನನ್ನ ಬಾಯ್ಕೇ! ನಾನು ಒರಗಿದ್ದ ಬೆಟ್ಟವೇ!’ ಎಂದು ಗೋಳಿಡುತ್ತ ನನ್ನ ಮನೆ ಕಡೆಗೇ ಬಂದರು. ಬರುವವರ ಗೋಳು ಕೇಳಿದರೆ ಬಾಗಿಲಲ್ಲಿ ನಿಂತು ತಿರುಗಿ ಗೋಳಿಡಬೇಕು, ಅದು ಮನೆಯ ಗಂಡಸಿನ ಕೆಲಸ. ಮಗನಿದ್ದರೆ ಮಗ, ತಮ್ಮನಿದ್ದರೆ ತಮ್ಮ. ಮದುವೆಯೇ ಆಗದ ನನ್ನ ಮನೆಯಲ್ಲಿ ಗಂಡಸು ಅಂದರೆ ನಾನೊಬ್ಬನೇ. ಸತ್ತವರು ಯಾರು ಅಂತ ಗೊತ್ತಿಲ್ಲ, ಆದರೆ ಅದನ್ನು ಕೇಳುವುದು ಅಳು ಮುಗಿದ ಮೇಲೆ. ಬಕೆಟ್ ಇಳಿಸಿ, ಗೋಡೆಗೆ ಒರಗಿ, ‘ಅಯ್ಯೋ ನನ್ನ ಬಾಯ್ಕೇ!’ ಅಂತ ಶುರುಮಾಡಿದೆ. ಚೆನ್ನಾಗಿಯೇ ಅತ್ತೆನೆಂದು ಕಾಣುತ್ತದೆ. ಮುಂದಿದ್ದವನು ಮಸಿ ಮೆತ್ತಿದ ನನ್ನನ್ನು ಬಾಚಿ ತಬ್ಬಿಕೊಂಡು, ‘ಧೈರ್ಯ ತಂದ್ಕೊಳ್ಳಿ. ನೀವು ಅವರಿಗೆ ಏನಾಗ್ಬೇಕು?’ ಅಂದ.

‘ಯಾರಿಗೆ?’

‘ಎಸೆನ್‌ಕುಲ್ ಬಾಯ್ಕೆಗೆ.’

‘ತುಂಬ ಹತ್ತಿರದವನು,’ ಅಂದೆ.

ಹಿಂದಿನಿಂದ ಒಬ್ಬ ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಕುರಿಗಾರ ಸರಿಬಾಯ್. ನಾನು ಸಂಚಾರಿ ಸಿನಿಮಾ ವ್ಯಾನಿನಲ್ಲಿದ್ದಾಗ ಬೆಟ್ಟದ ಹುಲ್ಲುಗಾವಲಿನಲ್ಲಿ ತೆರೆ ಕಟ್ಟಿ ಇವನಿಗೆಲ್ಲ ಚಿತ್ರ ತೋರಿಸುತ್ತಿದ್ದೆ, ರೀಲು ಬದಲಿಸುವಾಗ ಜನ ಏಳದಿರಲೆಂದು ಹಾಸ್ಯ ಹೇಳುತ್ತಿದ್ದೆ.

‘ಥೂ ನಿನ್ನ! ಬದುಕಿದ್ದೀಯೇನೋ?’

‘ತಪ್ಪಾಯ್ತು ಸರಿಬಾಯ್.’

‘ತಪ್ಪಾಯ್ತಂತೆ! ನಾರಿನ್‌ನಿಂದ ಅಳ್ತಾ ಬಂದಿದ್ದೀವಲ್ಲೋ! ಗಂಟಲು ಹರಿದೋಗಿದೆ!’

ಕೋಪ ತಣಿದ ಮೇಲೆ ಅವನು ಟೋಪಿಯೊಳಗಿಂದ ಬಿಳಿ ಬಟ್ಟೆಯ ತುಂಡು ತೆಗೆದ. ಕೈಯಲ್ಲಿ ಹರಿದದ್ದು. ಮೇಲೆ ನನ್ನ ಹೆಸರು. ಮಗಳೇ, ನೀನು ಪಟ್ಟಣದವಳು, ಹೇಳಲೇಬೇಕು. ವಯಸ್ಸಾದವರು ತೀರಿಕೊಂಡರೆ ಮಣ್ಣಿಗೆ ಬಂದವರಿಗೆಲ್ಲ ಬಟ್ಟೆ ಹರಿದು ಹಂಚುತ್ತೇವೆ. ಜಿರ್ತಿಶ್ ಅನ್ನುತ್ತೇವೆ. ಕತ್ತರಿ ಹಾಕುವುದಿಲ್ಲ, ಹರಿಯಬೇಕು. ಸತ್ತವರ ಆಯುಸ್ಸು ನಮ್ಮ ಮಕ್ಕಳಿಗೂ ಬರಲಿ ಅಂತ ಜನ ಅದನ್ನು ಮನೆಗೆ ಒಯ್ದು ಕಾಪಾಡುತ್ತಾರೆ. ನೀವು ಅದನ್ನು ನಾಡಿನ ಚಂದಾದಾರರಿಗೆಲ್ಲ ಅಂಚೆಯಲ್ಲಿ ಹಂಚಿದ್ದೀರಿ. ಇಷ್ಟು ದೊಡ್ಡ ಸಾವು ಯಾವ ಖಾನನಿಗೂ ಸಿಕ್ಕಿರಲಿಕ್ಕಿಲ್ಲ.

‘ಬಟ್ಟೆ ನೋಡಿದರೂ ನಂಬಲಿಲ್ಲ,’ ಅಂದ ಸರಿಬಾಯ್. ‘ಕೊನೇ ಪುಟ ತೆಗೆದೆ. ನೀನಿಲ್ಲ. ಎದೆಯಗಲ ಇಷ್ಟು, ತೋಳುದ್ದ ಇಷ್ಟು ಅಂತ ಬರೆದಿದೆ. ಸರಿ, ಹೆಣಕ್ಕೆ ಬಟ್ಟೆ ಅಳತೆ ತಗೊಂಡಿದ್ದಾರೆ, ಪಾಪ, ಅದನ್ನೂ ಅಚ್ಚು ಹಾಕ್ಸಿದ್ದಾರೆ ಅಂದ್ಕೊಂಡೆ.’

ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂರು ವ್ಯಾನು ಬಂದವು. ಪ್ರತಿಯೊಂದಕ್ಕೂ ನಾನೇ ಬಾಗಿಲಲ್ಲಿ ನಿಂತು ಅತ್ತೆ. ನಿಂತು ಅಳುವವನು ಬೇರೆ ಯಾರಿದ್ದಾರೆ? ಅಕ್ಕಪಕ್ಕದ ಹೆಂಗಸರು ಅಷ್ಟರಲ್ಲಿ ನನ್ನ ಆತ್ಮದ ಹೆಸರಿನಲ್ಲಿ ಬಾಣಲೆ ಇಟ್ಟು ಹಿಟ್ಟಿನ ತುಂಡುಗಳ ಬೊರ್ಸೊಕ್ ಕರಿಯುತ್ತಿದ್ದರು. ನಾನು ಬದುಕಿದ್ದೇನೆ ಅಂದರೆ, ‘ಇರ್ಲಿ ಬಿಡಿ, ಎಣ್ಣೆ ಕಾದಾಗಿದೆ, ಈಗ ಇಳಿಸಿದರೆ ಅಪಶಕುನ’ ಅಂದರು. ನನ್ನ ಹೆಸರಿನಲ್ಲಿ ಕರಿದದ್ದನ್ನು ನಾನೇ ತಿಂದೆ. ಉಪ್ಪು ಸರಿಯಾಗಿತ್ತು. ಒಬ್ಬಳು, ‘ಎಂಬತ್ತೂ ತುಂಬದವನಿಗೆ ಜಿರ್ತಿಶ್ ಬೇರೆ ಕೇಡು’ ಅಂತ ಗೊಣಗಿದಳು. ಇನ್ನೊಬ್ಬಳು ಆ ತುಂಡನ್ನು ಆಗಲೇ ತನ್ನ ಕೂಸಿನ ಅಂಗಿಗೆ ಹೊಲಿದಿದ್ದಳು. ‘ಬಿಚ್ಚಬೇಕಾ ಬಾಯ್ಕೆ?’ ಅಂತ ಕೇಳಿದಳು. ಇರಲಿ ಅಂದೆ.

ಎಲ್ಲರೂ ಕೂತು ನನ್ನ ಹಳೆಯ ಅಂಕಣಗಳನ್ನು ನೆನೆಸಿಕೊಂಡು ನಕ್ಕರು. ಸತ್ತವನ ಬಗ್ಗೆ ಮಾತಾಡುವ ಹಾಗೆಯೇ ಮಾತಾಡಿದರು, ಒಳ್ಳೆಯದನ್ನು ಮಾತ್ರ. ಕತ್ತಲಾಗುವ ಮೊದಲು ಹೊರಟುಹೋದರು.

ಬುರುಲ್, ಕೊನೆಯ ಪುಟದಲ್ಲಿ ನಾನಿಲ್ಲ ಅನ್ನುವುದು ನನಗೆ ತಿಳಿದದ್ದು ಹೀಗೆ.

ಎಸೆನ್‌ಕುಲ್


ಬಿಶ್ಕೆಕ್, ನವೆಂಬರ್ 18

ಬಾಯ್ಕೆ,

ನಿಮ್ಮ ಪತ್ರ ಓದಿ ನಗಲಾರದೆ ಅಳಲಾರದೆ ಪರದೆಯ ಹಿಂದೆ ಹೋಗಿ ಕೂತೆ. ಕನ್ನಡಿಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಅದನ್ನೂ ನೋಡಲಾಗಲಿಲ್ಲ.

ನನಗೆ ಗೊತ್ತಿರಲಿಲ್ಲ. ನನ್ನ ಅಜ್ಜಿ ತೀರಿದಾಗ ಬಜಾರಿನಿಂದ ತಂದ ಕರವಸ್ತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಹರಿದದ್ದನ್ನು ನಾನು ನೋಡಿಯೇ ಇಲ್ಲ. ಚಂದಾದಾರರಿಗೆಲ್ಲ ಕ್ಷಮೆ ಕೇಳಿ ಬರೆದಿದ್ದೇನೆ. ಈಗ ಪತ್ರಗಳು ಬರುತ್ತಿವೆ ಬಾಯ್ಕೆ, ರಾಶಿ ರಾಶಿ. ಅಳತೆ ಕೇಳಿ ಅಲ್ಲ, ನಿಮ್ಮನ್ನು ಕೇಳಿ. ಎಲ್ಲವನ್ನೂ ತುರಾತ್ ಕೈಲಿ ಕಳಿಸುತ್ತಿದ್ದೇನೆ. ದಯವಿಟ್ಟು ಒಲೆಗೆ ಹಾಕಬೇಡಿ.

ನಿಲುವಂಗಿಗಳು ಹೊಲಿದಷ್ಟೂ ಖರ್ಚಾಗುತ್ತಿವೆ. ಸಾಕೆನ್ ಸಂತೋಷವಾಗಿದ್ದಾರೆ. ಮುಂದಿನ ವರ್ಷವೂ ಹೀಗೇನಾದರೂ ಮಾಡೋಣ ಅಂದರು. ನಾನು ಎದ್ದು ಹೊರಗೆ ಹೋದೆ.

ಪುಟ ತೆಗೆದದ್ದು ಗೊತ್ತಿದ್ದೂ ನಿಮಗೆ ಹೇಳಲಿಲ್ಲ, ನಿಮ್ಮ ಪ್ರತಿಯನ್ನು ಬೇಕೆಂದೇ ತಡೆದಿಟ್ಟೆ. ನೀವೇ ಬೇಡಿದ್ದನ್ನು ಕೊಟ್ಟೆ ಅಂತ ನಂಬಿಕೊಂಡಿದ್ದೆ. ಈ ಒಂದು ಸಲ ತಮಾಷೆ ಬಿಟ್ಟು ಹೇಳಿ. ಆ ಪುಟ ನಿಮಗೆ ಬೇಕಿತ್ತಾ?

ಬುರುಲ್


ಅಟ್-ಬಾಶಿ, ನವೆಂಬರ್ 28

ಬುರುಲ್,

ಬೇಕಿತ್ತು.

ನೆಂಟರ ಮನೆಯಲ್ಲಿ ಮುದುಕರು ‘ಹೊರಡ್ತೀನಿ, ಹೊರಡ್ತೀನಿ’ ಅನ್ನುವುದು ಹೊರಡುವುದಕ್ಕಲ್ಲ. ‘ಕೂತ್ಕೊಳ್ಳಿ, ಇನ್ನೊಂದು ಬಟ್ಟಲು ಚಹಾ ಕುಡೀರಿ’ ಅಂತ ಯಾರಾದರೂ ಅನ್ನಲಿ ಅಂತ. ನೀನು ಮರ್ಯಾದಸ್ಥೆ, ಎದ್ದು ಟೋಪಿ ತಂದುಕೊಟ್ಟೆ. ನಿನ್ನ ತಪ್ಪೇನಿಲ್ಲ.

ಪತ್ರಗಳ ಮೂಟೆ ತಲುಪಿತು. ಎಲ್ಲ ಓದಿದೆ. ಮೊದಮೊದಲು ಜಂಬ ಬಂತು. ಆಮೇಲೆ ಗೊತ್ತಾಯಿತು, ಎಲ್ಲವೂ ಬೀಳ್ಕೊಡುವ ಪತ್ರಗಳು. ‘ಬದುಕಿದ್ದೀರಂತೆ, ಸಂತೋಷ’ ಅಂತ ಕೊನೆಗೊಂದು ಸಾಲು ಸೇರಿಸಿದ್ದಾರೆ.

ಈಗ ಇಲ್ಲಿ ಯಾರೂ ಬರುವುದಿಲ್ಲ. ಸಿಟ್ಟೇನಿಲ್ಲ ಅವರಿಗೆ. ಒಮ್ಮೆ ಬಂದು ಅತ್ತಾಯಿತು, ಊಟ ಮಾಡಿ ಆಯಿತು, ಮನಸ್ಸಿನ ಭಾರ ಇಳಿಯಿತು. ಮೊನ್ನೆ ಕಲಿಪಾ ನನ್ನನ್ನು ಕಂಡು ಒಂದು ಗಳಿಗೆ ಬೆಚ್ಚಿದಳು. ನಾನು ನಿಜವಾಗಿ ಸತ್ತ ದಿನ ಸರಿಬಾಯ್ ಹೆಂಡತಿಗೆ ಏನು ಹೇಳುತ್ತಾನೆ ಅಂತ ಈಗಲೇ ಗೊತ್ತು: ‘ಎಸೆನ್‌ಕುಲ್‌ಗಾ? ಅವನಿಗೆ ಹೋಗಿ ಬಂದಿದ್ದೀವಲ್ಲೇ.’

ಇದರಲ್ಲಿ ಅಂಕಣಕ್ಕೆ ಒಳ್ಳೆಯ ವಸ್ತು ಇದೆ ನೋಡು. ಬರೆದು ಇಟ್ಟಿದ್ದೇನೆ. ಕಾಲು ಪುಟ ಸಾಕು. ಮೂಲೆಯಲ್ಲಿ ಕೊಟ್ಟರೂ ಸರಿ.

ಎಸೆನ್‌ಕುಲ್


ಬಿಶ್ಕೆಕ್, ಡಿಸೆಂಬರ್ 6

ಬಾಯ್ಕೆ,

ನಿಮ್ಮ ಪತ್ರ ಹಿಡಿದುಕೊಂಡೇ ಸಾಕೆನ್ ಹತ್ತಿರ ಹೋದೆ. ಕಾಲು ಪುಟ ಅಂದೆ. ಅವರು ಒಳ್ಳೆಯವರು ಅಂತ ಬರೆದಿದ್ದೆನಲ್ಲ, ಈಗಲೂ ಹಾಗೇ ಅನಿಸುತ್ತೆ. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದರು: ಕಾಲು ಪುಟದ ಪ್ರಶ್ನೆ ಅಲ್ಲ, ಇನ್ನು ಪುಟಗಳೇ ಇರುವುದಿಲ್ಲ. ಅಚ್ಚು ಹಾಕುವುದು ನಿಲ್ಲಿಸಿದ್ದಾರೆ. ‘ಹೊಸ್ತಿಲು’ ಇನ್ನು ಬಟ್ಟೆಯ ಹೆಸರು ಮಾತ್ರ.

ಮೇರಿಮಳ ಹಾಗೆ ನಾನೂ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ದರ್ಜಿಗಳಿದ್ದಾರೆ ಅಂತ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಎದ್ದು ಹೋದರೆ ಎಲ್ಲಿಗೆ ಹೋಗಬೇಕೋ ಗೊತ್ತಿರಲಿಲ್ಲ. ದಿನವಿಡೀ ಜನ ಬರುತ್ತಾರೆ, ತೋಳು ಉದ್ದ, ತೋಳು ಗಿಡ್ಡ ಅನ್ನುತ್ತಾರೆ. ನಿಮ್ಮ ಎರಡು ಸಾಲಿನ ಚೀಟಿಯನ್ನು ಬಿಲ್ಲಿನ ಜೊತೆ ಕಿತ್ತು ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ. ಎಲ್ಲ ಎತ್ತಿಟ್ಟಿದ್ದೇನೆ. ಪತ್ರಿಕೆ ನಿಂತ ವಿಷಯ ಯಾರೂ ಕೇಳಿಲ್ಲ ಬಾಯ್ಕೆ. ಒಬ್ಬರೂ ಕೇಳಿಲ್ಲ.

ಮಣ್ಣಿಗೆ ಬರಲಾಗದವರು ಆಮೇಲಾದರೂ ಬಂದು ದುಃಖ ಕೇಳಬೇಕು ಅಂತ ನಮ್ಮಮ್ಮ ಹೇಳುತ್ತಿದ್ದಳು. ಅಷ್ಟು ಪದ್ಧತಿ ನನಗೂ ಗೊತ್ತು. ನಿಮ್ಮ ಸಾವಿಗೆ ನಾನು ಬಂದಿರಲಿಲ್ಲ. ಮುಂದಿನ ವಾರ ಬರಲಾ?

ಬುರುಲ್


ಅಟ್-ಬಾಶಿ, ಡಿಸೆಂಬರ್ 13

ಮಗಳೇ ಬುರುಲ್,

ಬರಬೇಡ.

ಪದ್ಧತಿ ಗೊತ್ತು ಅಂದೆಯಲ್ಲ, ಅರ್ಧ ಮಾತ್ರ ಗೊತ್ತು. ದುಃಖ ಕೇಳುವವರು ಸಾವಾದ ಮನೆಗೆ ಹೋಗಬೇಕು. ನನ್ನ ಮನೆಯಲ್ಲಿ ಸಾವಾಗಿಲ್ಲ, ನನ್ನ ಸುತ್ತಲೂ ಅದಕ್ಕೆ ಸಾಕ್ಷಿಗಳಿದ್ದಾರೆ. ಸಾವಾಗಿರುವುದು ನಿನ್ನ ಮನೆಯಲ್ಲಿ. ಹೊರಡಬೇಕಾದವನು ನಾನು. ಆದ್ದರಿಂದ ಈ ಪತ್ರ ತಂದುಕೊಡುವ ತುರಾತ್‌ನ ವ್ಯಾನಿನಲ್ಲೇ ಮುಂದಿನ ಸೋಮವಾರದ ಸೀಟು ಹೇಳಿದ್ದೇನೆ. ದೊಲೊನ್ ಕಣಿವೆಯಲ್ಲಿ ಹಿಮ ತೆಗೆದಿದ್ದಾರಂತೆ. ತೆಗೆಯದಿದ್ದರೆ ಮಂಗಳವಾರ.

ಬೀದಿಯ ತಿರುವಿನಿಂದಲೇ ಶುರುಮಾಡುತ್ತೇನೆ. ಗಾಜಿನ ಬಾಗಿಲ ಕಡೆಗೆ ಮುದುಕನೊಬ್ಬ ಸೊಂಟಕ್ಕೆ ಕೈಕೊಟ್ಟು ಗೋಳಿಡುತ್ತ ಬಂದರೆ ಗಿರಾಕಿಗಳು ಹೆದರಿ ಓಡಬಹುದು. ಓಡಲಿ. ಸಾಕೆನ್ ಪೊಲೀಸರನ್ನು ಕರೆಯಬಹುದು, ಇಲ್ಲವೇ ನನಗೊಂದು ಬೆಲೆ ಚೀಟಿ ಅಂಟಿಸಬಹುದು. ಅದೂ ಆಗಲಿ. ಸತ್ತದ್ದಕ್ಕೆ ಸರಿಯಾಗಿ ಒಮ್ಮೆ ಅಳದೆ ಬಿಡಬಾರದು ಕಣಮ್ಮ, ಅದು ಒಳಗೇ ಕೂತು ಹುಳಿಯುತ್ತೆ.

ಹೆಂಗಸರು ಒಳಗೆ ಗೋಡೆಯ ಕಡೆ ಮುಖಮಾಡಿ ಕೂತು ಅಳಬೇಕು, ಬಾಗಿಲಿಗೆ ಬರಬಾರದು. ಪದ್ಧತಿ ಹಾಗೆ. ಆದರೆ ನಿನ್ನ ಮನೆಯಲ್ಲೂ ಗಂಡಸು ಹೆಂಗಸು ಎಲ್ಲ ನೀನೊಬ್ಬಳೇ ಅಂತ ನನಗೆ ಈಗ ತಿಳಿಯಿತು, ಮೊದಲೇ ತಿಳಿಯಬೇಕಿತ್ತು. ಹಾಗಾಗಿ ಬಾಗಿಲಲ್ಲೇ ನಿಂತಿರು. ನನ್ನ ದನಿ ಕೇಳಿದ ಕೂಡಲೆ ನೀನೂ ಶುರುಮಾಡು. ಮೊದಲ ಕೂಗಿಗೆ ನಾಚಿಕೆಯಾಗುತ್ತೆ, ನನಗೂ ಆಗಿತ್ತು. ಎರಡನೆಯದರಿಂದ ಅದು ತಾನೇ ಬರುತ್ತೆ.

ನಿನ್ನ ಎಸೆನ್‌ಕುಲ್ ಬಾಯ್ಕೆ